ಆಯಾ ಸೋಫಿಯಾದ ಹೆಸರಿನಲ್ಲಿ ಸಿಟ್ಟು ಹಂಚುವ ಮೊದಲು



ಮೇ ತಿಂಗಳ ಕೊನೆಯಲ್ಲಿ ಒಮ್ಮೆ, ಜುಲೈಯಲ್ಲಿ ಇನ್ನೊಮ್ಮೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಚಿತ್ರ ಸುತ್ತು ಹೊಡೆಯುತ್ತದೆ. ದೊಡ್ಡದೊಂದು ಗುಮ್ಮಟ, ಸುತ್ತ ನಾಲ್ಕು ಮಿನಾರು, ಕೆಳಗೆ ದಪ್ಪ ಅಕ್ಷರಗಳಲ್ಲಿ ಕೆಲವು ಸಾಲು. ಇದು ಕ್ರೈಸ್ತರ ಅತಿ ದೊಡ್ಡ ದೇವಾಲಯವಾಗಿತ್ತು, ಅವರು ಕಸಿದುಕೊಂಡರು, ನಾಳೆ ನಿಮ್ಮ ಇಗರ್ಜಿಯ ಸರದಿ, ನೀವು ನಿಜವಾದ ಕ್ರೈಸ್ತರಾಗಿದ್ದರೆ ಹತ್ತು ಮಂದಿಗೆ ಕಳುಹಿಸಿ ಎಂಬ ಧಾಟಿ. ಅದು ಇಸ್ತಾಂಬುಲಿನ ಆಯಾ ಸೋಫಿಯಾದ ಚಿತ್ರ. ಮೇ 29 ಎಂದರೆ 1453ರಲ್ಲಿ ಆ ನಗರ ಓಟೋಮನ್ ತುರ್ಕರ ಕೈಸೇರಿದ ದಿನ. ಜುಲೈ 24 ಎಂದರೆ 2020ರಲ್ಲಿ ಆ ಕಟ್ಟಡದಲ್ಲಿ ಮತ್ತೆ ನಮಾಜು ಶುರುವಾದ ದಿನ.

ಈ ಸಂದೇಶವನ್ನು ಹಂಚಬೇಡಿ ಎಂಬುದು ನಮ್ಮ ಅಭಿಪ್ರಾಯ. ಊರಿನಲ್ಲಿ ಸುಮ್ಮನೆ ಜಗಳ ಯಾಕೆ ಎಂಬ ಅಂಜಿಕೆಯಿಂದ ಹೇಳುತ್ತಿಲ್ಲ. ಆ ನಗರದ ಕಥೆಯನ್ನು ಸ್ವಲ್ಪ ಓದಿದರೂ ಸಾಕು, ಆ ಸಂದೇಶ ಎಷ್ಟು ಬಡಕಲು ಎಂಬುದು ತಿಳಿಯುತ್ತದೆ. "ನಮ್ಮ ಸೊತ್ತು" ಎಂದು ಅದರಲ್ಲಿ ಕೂಗಿದ್ದಾರೆ. ಆ ಸೊತ್ತು ಏನು, ಅದನ್ನು ಕಟ್ಟಿದವರು ಯಾರು, ಹಾಳುಮಾಡಿದವರು ಯಾರ್ಯಾರು, ಅದರಲ್ಲಿ ಎಷ್ಟು ಭಾಗ ಈಗಾಗಲೇ ನಮ್ಮ ಮನೆಯ ಗೋಡೆಯ ಮೇಲೇ ಇದೆ ಎಂಬ ವಿಚಾರ ಅದರಲ್ಲಿ ಒಂದು ಗೆರೆಯೂ ಇಲ್ಲ.

ಮೊದಲು ನಮ್ಮ ಬಾಯಲ್ಲಿರುವ ಸೊತ್ತಿನಿಂದ ಶುರುಮಾಡೋಣ. ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದ ಮೇಲೆ ಎದ್ದು ನಿಂತು ಹೇಳುವ ಉದ್ದನೆಯ ವಿಶ್ವಾಸ ಪ್ರಮಾಣವನ್ನು ನಾವು ನೈಸಿಯಾದ ವಿಶ್ವಾಸ ಪ್ರಮಾಣ ಎಂದು ಕರೆಯುತ್ತೇವೆ. ನೈಸಿಯಾ ಮಹಾಸಭೆಗೆ 2025ರಲ್ಲಿ 1700 ವರ್ಷ ತುಂಬಿತು. ಆದರೆ 325ರಲ್ಲಿ ನೈಸಿಯಾದಲ್ಲಿ ಒಪ್ಪಿದ ಪಾಠ ಪವಿತ್ರಾತ್ಮರ ಹೆಸರು ಹೇಳಿ ಅಲ್ಲಿಗೇ ನಿಂತುಬಿಡುತ್ತದೆ. ಅವರು ಜೀವ ಕೊಡುವವರು, ಪ್ರವಾದಿಗಳ ಮೂಲಕ ಮಾತನಾಡಿದವರು ಎಂದು ನಾವು ಹೇಳುವ ಭಾಗವೆಲ್ಲ 381ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಸೇರಿದ ಮಹಾಸಭೆಯ ಕೊಡುಗೆ. ಕಾನ್‌ಸ್ಟಾಂಟಿನೋಪಲ್ ಎಂದರೆ ಇಂದಿನ ಇಸ್ತಾಂಬುಲ್. ಬೈಜಾಂಟಿಯನ್ ಎಂಬ ಹಳೆಯ ಗ್ರೀಕ್ ಪಟ್ಟಣವನ್ನು ವಿಸ್ತರಿಸಿ ಚಕ್ರವರ್ತಿ ಕಾನ್‌ಸ್ಟಂಟೈನ್ 330ರ ಮೇ 11ರಂದು ಉದ್ಘಾಟಿಸಿದ ರಾಜಧಾನಿ. ಅಲ್ಲಿಯ ಜನ ಕೊನೆಯವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ಬೈಜಾಂಟೈನ್ ಸಾಮ್ರಾಜ್ಯ ಎಂಬ ಹೆಸರು ನಗರ ಬಿದ್ದುಹೋದ ನಂತರ ಯುರೋಪಿನ ವಿದ್ವಾಂಸರು ಇಟ್ಟದ್ದು.

ಆ 381ರ ಸಭೆಯ ಹಿಂದೆ ಒಬ್ಬ ಸಂತರಿದ್ದಾರೆ, ನಾಜಿಯಾನ್ಸಸ್ಸಿನ ಗ್ರೆಗೊರಿ. ಅವರು 379ರಲ್ಲಿ ರಾಜಧಾನಿಗೆ ಬಂದಾಗ ನಗರದ ದೇವಾಲಯಗಳೆಲ್ಲ ಯೇಸುಸ್ವಾಮಿ ಪಿತನಿಗೆ ಸಮಾನರಲ್ಲ ಎನ್ನುವ ಆರಿಯನ್ ಪಂಗಡದ ವಶದಲ್ಲಿದ್ದವು. ಗ್ರೆಗೊರಿಯವರಿಗೆ ಸಿಕ್ಕಿದ್ದು ಒಂದು ಮನೆಯೊಳಗಿನ ಪ್ರಾರ್ಥನಾಲಯ. ಅದಕ್ಕೆ ಅವರು ಅನಸ್ತಾಸಿಯಾ, ಅಂದರೆ ಪುನರುತ್ಥಾನ ಎಂದು ಹೆಸರಿಟ್ಟರು. ತ್ರೈಕ್ಯ ದೇವರ ಬಗ್ಗೆ ಧರ್ಮಸಭೆಯಲ್ಲಿ ಇಂದಿಗೂ ಓದುವ ಪ್ರಬೋಧನೆಗಳು ಆ ಚಿಕ್ಕ ಜಾಗದಲ್ಲಿ ಹುಟ್ಟಿದವು. ಮುಂದೆ ಅವರು ನಗರದ ಧರ್ಮಾಧ್ಯಕ್ಷರಾದರು, ಮಹಾಸಭೆಯ ಅಧ್ಯಕ್ಷತೆಯನ್ನೂ ವಹಿಸಿದರು. ಸಭೆಯೊಳಗಿನ ಗುಂಪುಗಾರಿಕೆಗೆ ರೋಸಿಹೋಗಿ ನಡುವೆಯೇ ರಾಜೀನಾಮೆ ಕೊಟ್ಟು ಊರಿಗೆ ಹೊರಟುಹೋದರು. ನಮ್ಮ ಪಾಲನಾ ಪರಿಷತ್ತಿನ ಸಭೆಗಳಲ್ಲಿ ಕುಳಿತವರಿಗೆ ಅವರ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ ಹುಟ್ಟಬಹುದು.

ಈಗ ಕಟ್ಟಡಕ್ಕೆ ಬರೋಣ. ಆಯಾ ಸೋಫಿಯಾ ಸೋಫಿಯಾ ಎಂಬ ಸಂತೆಯ ದೇವಾಲಯವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಗ್ರೀಕಿನಲ್ಲಿ ಅದರ ಅರ್ಥ ಪವಿತ್ರ ಜ್ಞಾನ. ದೇವರ ಜ್ಞಾನವಾದ ಕ್ರಿಸ್ತನಿಗೇ ಸಮರ್ಪಿತವಾದ ದೇವಾಲಯ ಅದು. ಈಗ ಕಾಣುವುದು ಆ ಸ್ಥಳದ ಮೂರನೆಯ ಕಟ್ಟಡ. ಮೊದಲನೆಯದು 404ರಲ್ಲಿ ಸುಟ್ಟುಹೋಯಿತು. ಆ ಬೆಂಕಿಯ ಕಥೆಯೂ ಕೇಳುವಂಥದ್ದೇ. ರಾಜಧಾನಿಯ ಧರ್ಮಾಧ್ಯಕ್ಷರಾಗಿದ್ದ ಸಂತ ಯೊವಾನ್ ಕ್ರಿಸೊಸ್ತೊಮರು ಶ್ರೀಮಂತರ ಆಡಂಬರವನ್ನು ಮುಲಾಜಿಲ್ಲದೆ ಟೀಕಿಸುತ್ತಿದ್ದರು, ಬಡರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದ್ದರು. ಸಾಮ್ರಾಜ್ಞಿಗೂ ಅವರಿಗೂ ಆಗಿಬರಲಿಲ್ಲ, ಗಡೀಪಾರಾದರು. ಅವರನ್ನು ಹೊರಗೆ ಕಳುಹಿಸಿದ ದಿನವೇ ಬೆಂಕಿ ಬಿತ್ತು. ಅವರು 407ರಲ್ಲಿ ಗಡೀಪಾರಿನ ದಾರಿಯಲ್ಲೇ ಪ್ರಾಣ ಬಿಟ್ಟರು. ಎರಡನೆಯ ಕಟ್ಟಡ 532ರ ಜನವರಿಯ ದೊಡ್ಡ ಗಲಭೆಯಲ್ಲಿ ಸುಟ್ಟಿತು. ರಥ ಓಟದ ಪಂದ್ಯದಲ್ಲಿ ನೀಲಿ ಪಕ್ಷ, ಹಸಿರು ಪಕ್ಷ ಎಂದು ಕಾದಾಡುತ್ತಿದ್ದ ಅಭಿಮಾನಿಗಳು ಒಂದಾಗಿ ಚಕ್ರವರ್ತಿ ಜಸ್ಟಿನಿಯನ್ನನ ವಿರುದ್ಧ ತಿರುಗಿಬಿದ್ದರು. ಅವನ ಸೈನ್ಯ ಪಂದ್ಯದ ಮೈದಾನದಲ್ಲೇ ಅವರನ್ನು ಕೊಂದುಹಾಕಿತು. ಸತ್ತವರು ಮೂವತ್ತು ಸಾವಿರ ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಆ ಗಲಭೆಯ ಬೂದಿ ಆರಿ ಕೆಲವೇ ವಾರಗಳಲ್ಲಿ ಹೊಸ ದೇವಾಲಯದ ಕೆಲಸ ಆರಂಭವಾಯಿತು. ದೇವರ ಮಹಿಮೆಗೆ ಕಟ್ಟಿದ್ದು ಹೌದು. ರಾಜನ ಮುಖ ಉಳಿಸಲೂ ಕಟ್ಟಿದ್ದು ಎಂದರೆ ತಪ್ಪಾಗದು.

ಆದರೂ ಏನು ಕಟ್ಟಿದರು! ಆಂಥೆಮಿಯಸ್, ಇಸಿಡೋರ್ ಎಂಬ ಇಬ್ಬರು ಗಣಿತಜ್ಞರು ಯೋಜನೆ ಹಾಕಿ, ಆರು ವರ್ಷದೊಳಗೆ ಮುಗಿಸಿ, 537ರ ಡಿಸೆಂಬರ್ 27ರಂದು ಪ್ರತಿಷ್ಠಾಪನೆ ಮಾಡಿಸಿದರು. ಚೌಕಾಕಾರದ ತಳದ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ನಾಲ್ಕು ದೊಡ್ಡ ಕಮಾನು ನಿಲ್ಲಿಸಿ, ನಾಲ್ಕು ಮೂಲೆಗಳಲ್ಲಿ ಬಾಗಿದ ತ್ರಿಕೋನಗಳನ್ನು ತುಂಬಿ, ಚೌಕವನ್ನು ವೃತ್ತವಾಗಿಸಿದರು. ಅದರ ಮೇಲೆ ಸುಮಾರು 31 ಮೀಟರ್ ಅಗಲದ ಗುಮ್ಮಟ. ನೆಲದಿಂದ ಅದರ ನೆತ್ತಿಗೆ ಸುಮಾರು 55 ಮೀಟರ್. ಗುಮ್ಮಟದ ಬುಡದಲ್ಲಿ ಸಾಲಾಗಿ 40 ಕಿಟಕಿಗಳು. ಆ ಕಿಟಕಿಗಳಿಂದ ಬೆಳಕು ನುಗ್ಗಿದಾಗ ಗುಮ್ಮಟದ ಬುಡ ಕಣ್ಣಿಗೆ ಕರಗಿಹೋಗಿ, ಇಡೀ ಗುಮ್ಮಟ ಆಕಾಶದಿಂದ ಇಳಿಬಿಟ್ಟಂತೆ ಕಾಣುತ್ತದೆಂದು ಪ್ರೊಕೋಪಿಯಸ್ ಬೆರಗಾಗಿ ಬರೆದ. ಭೂಕಂಪಗಳ ಪೆಟ್ಟಿಗೆ ಸಿಕ್ಕಿ 558ರಲ್ಲಿ ಆ ಗುಮ್ಮಟ ಕುಸಿದೂ ಬಿತ್ತು. ಮೊದಲಿನ ಇಸಿಡೋರನ ಸಂಬಂಧಿ, ಅದೇ ಹೆಸರಿನವನು, ಅದನ್ನು ಇನ್ನಷ್ಟು ಎತ್ತರಿಸಿ ಕಟ್ಟಿದ. ಅದು 562ರಲ್ಲಿ ಮುಗಿಯಿತು. ಮುಂದೆ ಬಂದ ಎಷ್ಟೋ ಭೂಕಂಪಗಳಲ್ಲಿ ಭಾಗಗಳು ಬಿದ್ದಿವೆ, ರಿಪೇರಿಯಾಗಿವೆ. ಕಟ್ಟಡ ನಿಂತಿದೆ.

ಇದೇ ಜಸ್ಟಿನಿಯನ್ನನ ಕಾಲದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಾಸ್ ಎಂಬ ವರ್ತಕ ಸಮುದ್ರಯಾನದ ಪುಸ್ತಕವೊಂದನ್ನು ಗ್ರೀಕಿನಲ್ಲಿ ಬರೆದ. ಕರಿಮೆಣಸು ಬೆಳೆಯುವ ಮಲೆ ಎಂಬ ನಾಡಿನಲ್ಲಿ ಕ್ರೈಸ್ತರಿದ್ದಾರೆಂದು ಅದರಲ್ಲಿದೆ. ಆ ನಾಡಿನ ಬಂದರುಗಳ ಪಟ್ಟಿಯಲ್ಲಿ ಮಂಗರೂತ್ ಎಂಬ ಹೆಸರೂ ಇದೆ. ಅದು ನಮ್ಮ ಮಂಗಳೂರು ಎಂದು ವಿದ್ವಾಂಸರು ಗುರುತಿಸುತ್ತಾರೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಂತೂ ಆ ಸಾಮ್ರಾಜ್ಯದ ಚಿನ್ನದ ನಾಣ್ಯಗಳೇ ನೆಲದಡಿ ಸಿಕ್ಕಿವೆ. ಮೆಣಸು ಅಲ್ಲಿಗೆ, ಚಿನ್ನ ಇಲ್ಲಿಗೆ.

ಇನ್ನು ಚಿತ್ರಗಳ ವಿಷಯ. ಇಲ್ಲಿ ಸ್ವಲ್ಪ ನಿಂತು ಮಾತನಾಡಬೇಕು, ಏಕೆಂದರೆ ಇದು ನಮ್ಮ ಕಾಲೇಜು, ಹಾಸ್ಟೆಲುಗಳಲ್ಲಿ ನಿತ್ಯ ಎದುರಾಗುವ ಪ್ರಶ್ನೆ. "ನೀವು ಕಥೋಲಿಕರು ಪ್ರತಿಮೆಗಳನ್ನು ಆರಾಧಿಸುತ್ತೀರಲ್ಲ, ಹತ್ತು ಕಟ್ಟಳೆ ಓದಿಲ್ಲವೇ?" ಎಂದು ಬೇರೆ ಸಭೆಯ ಗೆಳೆಯರು ಕೇಳುತ್ತಾರೆ. ನಮ್ಮವರಲ್ಲಿ ಕೆಲವರು ತಲೆ ತಗ್ಗಿಸುತ್ತಾರೆ, ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಈ ಪ್ರಶ್ನೆಯನ್ನು ಕಾನ್‌ಸ್ಟಾಂಟಿನೋಪಲ್ ನೂರು ವರ್ಷಕ್ಕೂ ಮಿಕ್ಕಿ ರಕ್ತ ಸುರಿಸಿ ಚರ್ಚಿಸಿದೆ.

ಎಂಟನೆಯ ಶತಮಾನದಲ್ಲಿ ಚಕ್ರವರ್ತಿ ಮೂರನೆಯ ಲಿಯೊ ಪವಿತ್ರ ಚಿತ್ರಗಳ ವಿರುದ್ಧ ನಿಂತ. ಅವನ ಮಗ ಐದನೆಯ ಕಾನ್‌ಸ್ಟಂಟೈನ್ 754ರಲ್ಲಿ ಧರ್ಮಾಧ್ಯಕ್ಷರ ಸಭೆಯನ್ನೇ ಕರೆಸಿ ಚಿತ್ರಗಳನ್ನು ಖಂಡಿಸುವ ನಿರ್ಣಯ ಮಾಡಿಸಿದ. ಚಿತ್ರಗಳನ್ನು ಕೆರೆದರು, ಸುಣ್ಣ ಬಳಿದರು, ಒಪ್ಪದ ಸನ್ಯಾಸಿಗಳನ್ನು ಹಿಂಸಿಸಿದರು. ಆಯಾ ಸೋಫಿಯಾದ ಪಕ್ಕದಲ್ಲೇ ಇರುವ ಆಯಾ ಐರೀನ್ ದೇವಾಲಯದಲ್ಲಿ ಆ ಕಾಲದ ಗುರುತು ಈಗಲೂ ಇದೆ: ಬಲಿಪೀಠದ ಮೇಲಿನ ಅರ್ಧಗುಮ್ಮಟದಲ್ಲಿ, ಚಿನ್ನದ ಹಿನ್ನೆಲೆಯ ಮೇಲೆ ಒಂದು ಬರಿಯ ಶಿಲುಬೆ, ಒಂದೇ ಒಂದು ಮುಖವಿಲ್ಲ. ಸುಂದರವಾಗಿಯೇ ಇದೆ. ಆ ಪಕ್ಷದವರಿಗೂ ಭಕ್ತಿಯಿತ್ತು, ದೇವರನ್ನು ಬಣ್ಣದಲ್ಲಿ ಹಿಡಿದಿಡುವ ಭಯವಿತ್ತು ಎಂಬುದನ್ನು ಒಪ್ಪಬೇಕು.

ಅವರಿಗೆ ಎಲ್ಲರಿಗಿಂತ ಗಟ್ಟಿಯಾದ ಉತ್ತರ ಕೊಟ್ಟವರು ಯಾರು, ಎಲ್ಲಿದ್ದರು ಗೊತ್ತೇ? ದಮಸ್ಕಸಿನ ಸಂತ ಯೊವಾನ್ನರು. ಮುಸ್ಲಿಂ ಖಲೀಫರ ಆಳ್ವಿಕೆಯ ಸೀಮೆಯಲ್ಲಿ, ಜೆರುಸಲೇಮಿನ ಕಡೆಯ ಮಠದಲ್ಲಿದ್ದವರು. ಕ್ರೈಸ್ತ ಚಕ್ರವರ್ತಿಯ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ, ಹಾಗಾಗಿ ನಿರ್ಭಯವಾಗಿ ಬರೆದರು. ಅವರ ವಾದದ ತಿರುಳು ಸರಳ. ದೇವರು ಕಣ್ಣಿಗೆ ಕಾಣದವರಾಗಿದ್ದಾಗ ಅವರ ಚಿತ್ರ ಬರೆಯುವುದು ಸಾಧ್ಯವಿರಲಿಲ್ಲ. ಆದರೆ ದೇವರು ಮನುಷ್ಯರಾಗಿ ಹುಟ್ಟಿ, ತಾಯಿಯ ಮಡಿಲಲ್ಲಿ ಮಲಗಿ, ಜನರ ನಡುವೆ ನಡೆದಾಡಿದ ಮೇಲೆ ಆ ಮುಖವನ್ನು ಬರೆಯಬಹುದು. ಬರೆಯಲೇಬಾರದು ಎಂದರೆ ಅವರು ನಿಜವಾಗಿ ಮನುಷ್ಯರಾಗಲಿಲ್ಲ ಎಂದಂತಾಗುತ್ತದೆ. 787ರಲ್ಲಿ ಸೇರಿದ ನೈಸಿಯಾದ ಎರಡನೆಯ ಮಹಾಸಭೆ ಇದನ್ನು ಒಪ್ಪಿತು. ಆರಾಧನೆ ದೇವರೊಬ್ಬರಿಗೇ. ಚಿತ್ರಕ್ಕೆ ಸಲ್ಲುವುದು ಗೌರವ, ಆ ಗೌರವ ಮರಕ್ಕೋ ಬಣ್ಣಕ್ಕೋ ಅಂಟಿಕೊಳ್ಳದೆ ಚಿತ್ರದಲ್ಲಿರುವ ವ್ಯಕ್ತಿಗೆ ಹೋಗಿ ಸೇರುತ್ತದೆ. ತೀರಿಹೋದ ಅಜ್ಜಿಯ ಫೋಟೊವನ್ನು ಎದೆಗೊತ್ತಿಕೊಳ್ಳುವವರು ಕಾಗದವನ್ನು ಪ್ರೀತಿಸುತ್ತಿದ್ದಾರೆಂದು ಯಾರೂ ಹೇಳುವುದಿಲ್ಲವಲ್ಲ.

ಜಗಳ ಮತ್ತೆ ಕೆದರಿ, ಕೊನೆಗೆ 843ರಲ್ಲಿ ಸಾಮ್ರಾಜ್ಞಿ ಥಿಯೊಡೋರಾ ಚಿತ್ರಗಳಿಗೆ ಮರಳಿ ಜಾಗ ಕೊಡಿಸಿದಳು. ಅದು ತಪಸ್ಸುಕಾಲದ ಮೊದಲ ಭಾನುವಾರ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಆ ಭಾನುವಾರವನ್ನು ಇಂದಿಗೂ ಹಬ್ಬವಾಗಿ ಆಚರಿಸುತ್ತವೆ. ಆಯಾ ಸೋಫಿಯಾದ ಬಲಿಪೀಠದ ಮೇಲಿನ ಅರ್ಧಗುಮ್ಮಟದಲ್ಲಿ 867ರಲ್ಲಿ ಮಾತೆ ಮರಿಯ ಮತ್ತು ಬಾಲಯೇಸುವಿನ ಮೊಸಾಯಿಕ್ ಚಿತ್ರವನ್ನು ಅನಾವರಣ ಮಾಡಿದರು. ಮೊಸಾಯಿಕ್ ಎಂದರೆ ಬಣ್ಣದ ಗಾಜು, ಕಲ್ಲುಗಳ ಸಣ್ಣ ಸಣ್ಣ ತುಂಡುಗಳನ್ನು ಹಸಿ ಗಾರೆಯಲ್ಲಿ ಒತ್ತಿ ಮಾಡುವ ಚಿತ್ರ. ಚಿನ್ನದ ತುಂಡಿಗೆ ಗಾಜಿನ ಎರಡು ಪದರಗಳ ನಡುವೆ ಚಿನ್ನದ ತೆಳು ಹಾಳೆ ಇಡುತ್ತಾರೆ. ತುಂಡುಗಳನ್ನು ಬೇಕೆಂದೇ ತುಸು ಓರೆಯಾಗಿ ಕೂರಿಸುತ್ತಾರೆ. ಕೆಳಗೆ ಎಣ್ಣೆದೀಪ ಅಲ್ಲಾಡಿದಂತೆ ಮೇಲಿನ ಮುಖವೂ ಉಸಿರಾಡಿದಂತೆ ಕಾಣುವುದು ಅದರಿಂದಲೇ. ಮೊಬೈಲಿನಲ್ಲಿ ನೋಡುವ ಚಪ್ಪಟೆ ಫೋಟೊದಲ್ಲಿ ಈ ಮಿನುಗು ಸಿಗುವುದಿಲ್ಲ.

ಈ ಕಲೆಯ ಒಂದು ತುಂಡು ನಿಮ್ಮ ಮನೆಯಲ್ಲೇ ಇರಬಹುದು. ನಿತ್ಯಾಧಾರ ಮಾತೆಯ ಚಿತ್ರ. ಮುಂಬಯಿಯ ಮಾಹಿಮ್ ಇಗರ್ಜಿಯ ಬುಧವಾರದ ನೊವೇನಕ್ಕೆ ಹೋಗಿಬಂದ ನಮ್ಮ ಹಿರಿಯರು ತಂದು ಗೋಡೆಗೆ ತೂಗುಹಾಕಿದ ಆ ಚಿತ್ರ ಇಟಲಿಯ ಶೈಲಿಯದಲ್ಲ. ಕ್ರೀಟ್ ದ್ವೀಪದ ಚಿತ್ರಕಾರರ ಬೈಜಾಂಟೈನ್ ಶೈಲಿಯದು. ಮೂಲಚಿತ್ರ 1499ರಲ್ಲಿ ರೋಮಿನ ದೇವಾಲಯವೊಂದಕ್ಕೆ ಬಂತು. 1866ರಿಂದ ರಿಡೆಂಪ್ಟರಿಸ್ಟ್ ಸಂಸ್ಥೆಯ ಗುರುಗಳ ಪಾಲನೆಯಲ್ಲಿದೆ. ಇವತ್ತು ಸಂಜೆ ಜಪಸರದ ಹೊತ್ತಿಗೆ ಅದನ್ನು ಹತ್ತಿರದಿಂದ ನೋಡಿ. ಮೇಲೆ ಇಬ್ಬರು ದೂತರಿದ್ದಾರೆ. ಮಿಕಾಯೇಲರ ಕೈಯಲ್ಲಿ ಈಟಿ ಮತ್ತು ಹುಳಿರಸದ ಸ್ಪಂಜು, ಗಬ್ರಿಯೇಲರ ಕೈಯಲ್ಲಿ ಶಿಲುಬೆ ಮತ್ತು ಮೊಳೆಗಳು. ಮಗು ಅದನ್ನು ನೋಡಿ ಬೆದರಿ ತಾಯಿಯ ಕೈಯನ್ನು ಎರಡೂ ಕೈಗಳಿಂದ ಹಿಡಿದಿದೆ. ಓಡಿಬಂದ ರಭಸಕ್ಕೆ ಒಂದು ಚಪ್ಪಲಿ ಕಾಲಿನಿಂದ ಜಾರಿ ಬಾರಿನಲ್ಲಿ ನೇತಾಡುತ್ತಿದೆ. ತಾಯಿ ಮಾತ್ರ ಮಗುವನ್ನು ನೋಡುತ್ತಿಲ್ಲ, ನಮ್ಮನ್ನು ನೋಡುತ್ತಿದ್ದಾರೆ. ಅಂಚಿನಲ್ಲಿರುವ ವಿಚಿತ್ರ ಅಕ್ಷರಗಳು ಗ್ರೀಕಿನವು: ದೇವಮಾತೆ, ಯೇಸು ಕ್ರಿಸ್ತ, ಮತ್ತು ಇಬ್ಬರು ದೂತರ ಹೆಸರುಗಳ ಸಂಕ್ಷೇಪ. ವರ್ಷಗಟ್ಟಲೆ ಅದರ ಮುಂದೆ ಪ್ರಾರ್ಥಿಸಿದ ಎಷ್ಟೋ ಮಂದಿ ಆ ಜಾರಿದ ಚಪ್ಪಲಿಯನ್ನು ಗಮನಿಸಿಯೇ ಇರುವುದಿಲ್ಲ. ನಮ್ಮ ಧರ್ಮೋಪದೇಶದಲ್ಲಿ ಚಿತ್ರ ಓದುವುದನ್ನೂ ಕಲಿಸಬೇಕು ಎಂದು ನಾವು ಹೇಳುವುದು ಇದಕ್ಕೇ.

ಆ ನಗರ ಕೊಟ್ಟ ಇನ್ನೊಂದು ಸೊತ್ತು ಗಡಿನಾಡಿನ ನಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾದೀತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಸರಕಾರಿ ಕಚೇರಿಯಲ್ಲಿ ಮತ್ತೊಂದು ಎಂದು ಬದುಕುವವರು ನಾವು. ಒಂಬತ್ತನೆಯ ಶತಮಾನದಲ್ಲಿ ಮೊರಾವಿಯಾದ ರಾಜ ರಾಸ್ತಿಸ್ಲಾವ್ ತನ್ನ ಜನರಿಗೆ ಅರ್ಥವಾಗುವ ಮಾತಿನಲ್ಲಿ ಬೋಧಿಸುವವರು ಬೇಕೆಂದು ಕಾನ್‌ಸ್ಟಾಂಟಿನೋಪಲಿಗೆ ಕೇಳಿಕೊಂಡ. ಜರ್ಮನ್ ಗುರುಗಳ ಹಿಡಿತದಿಂದ ತಪ್ಪಿಸಿಕೊಳ್ಳುವ ರಾಜಕೀಯವೂ ಅದರಲ್ಲಿತ್ತು. 863ರ ಹೊತ್ತಿಗೆ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು ಅಲ್ಲಿಗೆ ಹೊರಟರು. ಸ್ಲಾವ್ ಭಾಷೆಗೆ ಲಿಪಿಯೇ ಇರಲಿಲ್ಲ, ಸಿರಿಲ್ ಲಿಪಿ ರಚಿಸಿದರು. ಶುಭಸಂದೇಶವನ್ನೂ ಪೂಜಾಪ್ರಾರ್ಥನೆಗಳನ್ನೂ ಆ ಭಾಷೆಗೆ ತಂದರು. ವೆನಿಸ್ಸಿನಲ್ಲಿ ಗುರುಗಳ ಗುಂಪೊಂದು ಅವರನ್ನು ತಡೆದು ವಾದಕ್ಕೆಳೆಯಿತು. ಶಿಲುಬೆಯ ಮೇಲಿನ ಫಲಕ ಹೀಬ್ರೂ, ಗ್ರೀಕ್, ಲ್ಯಾಟಿನ್ ಈ ಮೂರರಲ್ಲಿತ್ತು, ಹಾಗಾಗಿ ದೇವರನ್ನು ಸ್ತುತಿಸಲು ಈ ಮೂರೇ ಯೋಗ್ಯ ಎಂಬುದು ಅವರ ಪಟ್ಟು. ಮಳೆ ಬಿಸಿಲು ಎಲ್ಲರ ಮೇಲೂ ಒಂದೇ ಸಮ ಬೀಳುವಾಗ ದೇವರ ಮಾತು ಮಾತ್ರ ಮೂರು ಭಾಷೆಗೆ ಸೀಮಿತವೇ ಎಂಬುದು ಸಿರಿಲರ ಉತ್ತರದ ಧಾಟಿ. ರೋಮಿನಲ್ಲಿ ಪೋಪ್ ಎರಡನೆಯ ಏಡ್ರಿಯನ್ ಸ್ಲಾವ್ ಭಾಷೆಯ ಪೂಜೆಗೆ ಒಪ್ಪಿಗೆ ಕೊಟ್ಟರು. ಸಿರಿಲ್ 869ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ಲ್ಯಾಟಿನ್ ರೀತಿಯ ಬಲಿಪೂಜೆ ಜನರ ಭಾಷೆಗೆ ಬರಲು ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ, ಅಂದರೆ 1963ರ ನಿರ್ಣಯದವರೆಗೆ ಕಾಯಬೇಕಾಯಿತು. ಗಡಿಯಾಚೆಯ ಇಗರ್ಜಿಯಲ್ಲಿ ಕನ್ನಡದ ಪೂಜೆ ಇರಬೇಕೋ ಬೇಡವೋ ಎಂದು ಚರ್ಚೆ ಎದ್ದಾಗಲೆಲ್ಲ ಈ ಅಣ್ಣತಮ್ಮಂದಿರನ್ನು ನೆನೆಯಬೇಕು.

ಆ ನಗರವನ್ನು ಅಟ್ಟಕ್ಕೇರಿಸುತ್ತಿಲ್ಲ. 451ರ ಕಾಲ್ಸಿಡನ್ ಮಹಾಸಭೆಯನ್ನು ಒಪ್ಪದ ಈಜಿಪ್ಟ್, ಸಿರಿಯಾ ಕಡೆಯ ಕ್ರೈಸ್ತರನ್ನು ಅಲ್ಲಿನ ಚಕ್ರವರ್ತಿಗಳು ಬಹಳ ಕಾಡಿದರು. ಕೇರಳದ ನಮ್ಮ ನೆರೆಹೊರೆಯ ಯಾಕೋಬಾಯ ಸಭೆಯವರ ಹೆಸರು ಬಂದದ್ದು ಆ ಕಿರುಕುಳದ ಕಾಲದಲ್ಲಿ ವೇಷ ಮರೆಸಿಕೊಂಡು ಊರೂರು ಸುತ್ತಿ ಗುರುಗಳಿಗೆ ದೀಕ್ಷೆ ಕೊಟ್ಟ ಯಾಕೋಬ್ ಬರದೇಯಸ್ ಎಂಬ ಧರ್ಮಾಧ್ಯಕ್ಷರಿಂದ.

ಈಗ ವಾಟ್ಸಾಪ್ ಸಂದೇಶ ಹೇಳದ ವರ್ಷಕ್ಕೆ ಬರುತ್ತೇವೆ: 1204. ಆ ವರ್ಷದ ಏಪ್ರಿಲಿನಲ್ಲಿ ಕಾನ್‌ಸ್ಟಾಂಟಿನೋಪಲನ್ನು ಸೂರೆ ಮಾಡಿದವರು ತುರ್ಕರಲ್ಲ. ಶಿಲುಬೆಯ ಗುರುತು ಹೊತ್ತ ನಮ್ಮದೇ ಲ್ಯಾಟಿನ್ ಸಭೆಯ ಸೈನಿಕರು. ಪವಿತ್ರ ನಾಡಿಗೆಂದು ಹೊರಟ ನಾಲ್ಕನೆಯ ಕ್ರೂಸೇಡ್ ಹಡಗಿನ ಸಾಲ, ಸಿಂಹಾಸನದ ಜಗಳ, ಹಣದಾಸೆಗಳಲ್ಲಿ ದಾರಿ ತಪ್ಪಿ ಕ್ರೈಸ್ತ ರಾಜಧಾನಿಯ ಮೇಲೇ ಎರಗಿತು. ಮೂರು ದಿನ ಲೂಟಿ. ಆಯಾ ಸೋಫಿಯಾದ ಬಲಿಪೀಠವನ್ನು ಒಡೆದು ಹಂಚಿಕೊಂಡರು, ಬೆಳ್ಳಿ ಬಂಗಾರ ಹೊರಲು ಹೇಸರಗತ್ತೆಗಳನ್ನು ಒಳಗೇ ನಡೆಸಿಕೊಂಡು ಬಂದರು, ಧರ್ಮಪಿತರ ಪೀಠದಲ್ಲಿ ವೇಶ್ಯೆಯೊಬ್ಬಳನ್ನು ಕೂರಿಸಿ ಹಾಡಿಸಿದರು ಎಂದು ಆಗ ನಗರದಲ್ಲೇ ಇದ್ದ ನಿಕೇಟಸ್ ಕೊನಿಯಾಟಿಸ್ ಬರೆದಿಟ್ಟಿದ್ದಾನೆ. ವೆನಿಸ್ಸಿನ ಸಂತ ಮಾರ್ಕ್ ದೇವಾಲಯದ ಪ್ರಸಿದ್ಧ ಕಂಚಿನ ನಾಲ್ಕು ಕುದುರೆಗಳು ಅಲ್ಲಿಂದ ಹೊತ್ತು ತಂದವು. ಪೋಪ್ ಮೂರನೆಯ ಇನ್ನೊಸೆಂಟ್ ಈ ಕೃತ್ಯವನ್ನು ಕಟುವಾಗಿ ಖಂಡಿಸಿ ಪತ್ರ ಬರೆದರು, ಆದರೆ ಹೋದದ್ದು ಮರಳಲಿಲ್ಲ. ಅಲ್ಲಿ 57 ವರ್ಷ ಲ್ಯಾಟಿನ್ ಅರಸರು ಕುಳಿತರು. 1261ರಲ್ಲಿ ನಗರ ಗ್ರೀಕರಿಗೆ ಮರಳಿ ಸಿಕ್ಕರೂ ಮೊದಲಿನ ಶಕ್ತಿ ಬರಲಿಲ್ಲ. 1453ರಲ್ಲಿ ಬಿದ್ದ ನಗರವನ್ನು ಅಷ್ಟು ಬಡವಾಗಿಸಿದ್ದರಲ್ಲಿ ನಮ್ಮವರ ಪಾಲು ದೊಡ್ಡದು.

ಇದನ್ನು ಧರ್ಮಸಭೆ ಮುಚ್ಚಿಟ್ಟಿಲ್ಲ ಎಂಬುದು ಸಮಾಧಾನದ ವಿಷಯ. 1054ರಲ್ಲಿ ಆಯಾ ಸೋಫಿಯಾದ ಬಲಿಪೀಠದ ಮೇಲೆಯೇ ರೋಮಿನ ಪ್ರತಿನಿಧಿ ಇಟ್ಟು ಹೋಗಿದ್ದ ಬಹಿಷ್ಕಾರ ಪತ್ರವನ್ನೂ ಅದಕ್ಕೆ ಬಂದ ಮರುಬಹಿಷ್ಕಾರವನ್ನೂ 1965ರ ಡಿಸೆಂಬರ್ 7ರಂದು ಪೋಪ್ ಆರನೆಯ ಪೌಲ್ ಮತ್ತು ಪೇಟ್ರಿಯಾರ್ಕ್ ಅಥೆನಾಗೊರಸ್ ಒಟ್ಟಾಗಿ ರದ್ದುಪಡಿಸಿದರು. ಪೋಪ್ ಎರಡನೆಯ ಜಾನ್ ಪೌಲ್ 2001ರಲ್ಲಿ ಅಥೆನ್ಸಿನಲ್ಲಿ 1204ರ ಪಾಪವನ್ನು ನೆನೆದು ದೇವರಲ್ಲಿ ಕ್ಷಮೆ ಬೇಡಿದರು. 2004ರ ನವೆಂಬರಿನಲ್ಲಿ ಮೇಲೆ ಹೇಳಿದ ಇಬ್ಬರೇ ಸಂತರ, ಗ್ರೆಗೊರಿ ಮತ್ತು ಕ್ರಿಸೊಸ್ತೊಮರ, ಪವಿತ್ರ ಅವಶೇಷಗಳನ್ನು ಪೇಟ್ರಿಯಾರ್ಕ್ ಬಾರ್ತಲೋಮಿಯವರ ಕೈಗೆ ಒಪ್ಪಿಸಿದರು. ಗಡೀಪಾರಿನಲ್ಲಿ ಸತ್ತ ಧರ್ಮಾಧ್ಯಕ್ಷರೂ ರಾಜೀನಾಮೆ ಕೊಟ್ಟು ಹೋದ ಧರ್ಮಾಧ್ಯಕ್ಷರೂ ಹೀಗೆ ತಮ್ಮ ನಗರಕ್ಕೆ ಮರಳಿದರು.

1453ರ ವಿಷಯದಲ್ಲೂ ಬಣ್ಣ ಬಳಿಯಬೇಕಾಗಿಲ್ಲ. ಅಂದೂ ಲೂಟಿ ನಡೆಯಿತು. ದೇವಾಲಯದೊಳಗೆ ಆಶ್ರಯ ಪಡೆದಿದ್ದ ಜನರನ್ನು ಸೆರೆಹಿಡಿದು ಗುಲಾಮರನ್ನಾಗಿ ಮಾಡಿದರು. ಸುಲ್ತಾನ ಎರಡನೆಯ ಮೆಹ್ಮದ್ ಆಯಾ ಸೋಫಿಯಾವನ್ನು ಮಸೀದಿ ಮಾಡಿದ. ಆದರೆ ಕೆಡವಲಿಲ್ಲ. ಓಟೋಮನ್ ಶಿಲ್ಪಿ ಸಿನಾನ್ ಅದಕ್ಕೆ ಊರೆಗೋಡೆ ಕೊಟ್ಟು ಬಲಪಡಿಸಿದ. ಮೊಸಾಯಿಕ್‌ಗಳು ಕಾಲಕ್ರಮದಲ್ಲಿ ಗಾರೆಯಡಿ ಸೇರಿದವು, ಆ ಗಾರೆಯಡಿಯಲ್ಲೇ ಉಳಿದೂಕೊಂಡವು. 1931ರಿಂದ ಥಾಮಸ್ ವಿಟ್ಟೆಮೋರ್ ಎಂಬ ಅಮೆರಿಕದ ವಿದ್ವಾಂಸನ ತಂಡ ಅವುಗಳನ್ನು ಬಿಡಿಸಿತು. 1934ರಲ್ಲಿ ತುರ್ಕಿ ಸರಕಾರ ಅದನ್ನು ಮ್ಯೂಸಿಯಂ ಮಾಡಿತು. 2020ರ ಜುಲೈ 10ರಂದು ಆ ದೇಶದ ನ್ಯಾಯಾಲಯ ಆ ತೀರ್ಮಾನವನ್ನು ರದ್ದುಮಾಡಿತು. ಪೋಪ್ ಫ್ರಾನ್ಸಿಸ್ ತಮಗೆ ಬಹಳ ನೋವಾಗಿದೆ ಎಂದು ಒಂದೇ ಸಾಲಿನಲ್ಲಿ ಹೇಳಿ ನಿಲ್ಲಿಸಿದರು. ನಮಗೂ ನೋವಾಗಿದೆ. ಎಲ್ಲರೂ ಹೋಗಿ ನೋಡಬಹುದಾಗಿದ್ದ ಜಾಗ ಮತ್ತೆ ಒಂದು ಪಕ್ಷದ ಗೆಲುವಿನ ಗುರುತಾದದ್ದು ಸರಿಯಲ್ಲ ಎಂಬುದು ನಮ್ಮ ನಿಲುವು. ಹಾಗೆ ಹೇಳುವಾಗ ಸ್ಪೇನಿನ ಕೊರ್ಡೊಬಾದ ಮಹಾಮಸೀದಿ 1236ರಿಂದ ಕಥೋಲಿಕ ದೇವಾಲಯವಾಗಿದೆ ಎಂಬುದೂ ನೆನಪಿರಲಿ.

ಸಂದೇಶ ಹಂಚುವವರಿಗೆ ಇನ್ನೊಂದು ಪ್ರಶ್ನೆ. ಆ ನಗರದಲ್ಲಿ ಈಗಲೂ ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರಿದ್ದಾರೆ ಎಂಬುದು ಗೊತ್ತೇ? ಒಂದು ಕಾಲದಲ್ಲಿ ಲಕ್ಷಕ್ಕೂ ಹೆಚ್ಚಿದ್ದವರು ಈಗ ಕೆಲವು ಸಾವಿರ ಮಾತ್ರ. 1955ರ ಸೆಪ್ಟೆಂಬರಿನಲ್ಲಿ ಗುಂಪುಗಳು ಅವರ ಅಂಗಡಿ, ಮನೆ, ದೇವಾಲಯಗಳಿಗೆ ನುಗ್ಗಿ ಹಾಳುಗೆಡವಿದ ಮೇಲೆ ಬಹಳ ಮಂದಿ ಊರು ಬಿಟ್ಟರು. ಗುರುಗಳನ್ನು ತಯಾರುಮಾಡುವ ಹಾಲ್ಕಿ ದ್ವೀಪದ ಅವರ ಗುರುಮಠ 1971ರಲ್ಲಿ ಮುಚ್ಚಿತು. ಪೇಟ್ರಿಯಾರ್ಕ್ ಬಾರ್ತಲೋಮಿಯವರು ಫನಾರ್ ಎಂಬ ಮೊಹಲ್ಲೆಯ ಸಾಧಾರಣ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಾರೆ. ಗುಮ್ಮಟಕ್ಕಾಗಿ ಇಷ್ಟು ಕೂಗುವ ಸಂದೇಶಗಳಲ್ಲಿ ಈ ಜನರಿಗಾಗಿ ಒಂದು ಪ್ರಾರ್ಥನೆಯನ್ನೂ ನಾವು ಕಂಡಿಲ್ಲ. ಸುತ್ತಲೂ ಬಹುಸಂಖ್ಯಾತರಿರುವ ಊರಿನಲ್ಲಿ ಕೆಲವೇ ಮನೆಗಳಾಗಿ ಬದುಕುವುದು ಏನೆಂದು ಕ್ರೈಸ್ತರಾಗಿಯೂ ಗಡಿಯಾಚೆಯ ಕನ್ನಡಿಗರಾಗಿಯೂ ನಮಗೆ ಗೊತ್ತಿಲ್ಲವೇ? ಇಲ್ಲಿ ನಮ್ಮ ಹಬ್ಬಕ್ಕೆ ಬಂದು ಊಟ ಮಾಡಿ ಹೋಗುವ, ಮನೆಯಲ್ಲಿ ಸಾವಾದರೆ ಮೊದಲು ಓಡಿಬರುವ ಬ್ಯಾರಿ, ಮಾಪಿಳ್ಳೆ ನೆರೆಯವರ ಮೇಲೆ 1453ರ ಲೆಕ್ಕ ಹೇರಿದರೆ ಇಸ್ತಾಂಬುಲಿನ ಆ ಕೆಲವು ಸಾವಿರ ಮಂದಿಗೆ ಏನು ಉಪಕಾರವಾದೀತು?

ಹಂಚಲೇಬೇಕು ಎಂದಿದ್ದರೆ ಬೇರೊಂದು ಚಿತ್ರ ಇದೆ. ಅದೇ ನಗರದ ಅಂಚಿನ ಕೋರಾ ದೇವಾಲಯದ್ದು. 1315ರಿಂದ 1321ರ ನಡುವೆ ಥಿಯೊಡೋರ್ ಮೆಟೊಕೈಟಿಸ್ ಎಂಬ ಮಂತ್ರಿ ತನ್ನ ಹಣದಿಂದ ಬರೆಸಿದ್ದು. ಸಾಮ್ರಾಜ್ಯ ಕುಗ್ಗಿ ಬಡವಾಗಿದ್ದ ಕಾಲ ಅದು. ಆ ಕಟ್ಟಡವೂ ಮಸೀದಿಯಾಗಿ, 1945ರಲ್ಲಿ ಮ್ಯೂಸಿಯಂ ಆಗಿ, 2024ರ ಮೇಯಲ್ಲಿ ಮತ್ತೆ ಮಸೀದಿಯಾಗಿ ತೆರೆದಿದೆ. ಅದರ ಪಕ್ಕದ ಪ್ರಾರ್ಥನಾಲಯದ ಅರ್ಧಗುಮ್ಮಟದಲ್ಲಿ ಪುನರುತ್ಥಾನದ ಚಿತ್ರವಿದೆ. ನಾವು ನೋಡಿ ಅಭ್ಯಾಸವಾದಂತೆ ಬಾವುಟ ಹಿಡಿದು ಸಮಾಧಿಯಿಂದ ಮೇಲೇಳುವ ಕ್ರಿಸ್ತ ಅಲ್ಲಿಲ್ಲ. ಬೆಳ್ಳಗಿನ ಬಟ್ಟೆಯ ಕ್ರಿಸ್ತ ಪಾತಾಳಕ್ಕಿಳಿದು, ಕಾಲು ಅಗಲಿಸಿ ನಿಂತು, ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದು ಕೈಯಲ್ಲಿ ಏವಳನ್ನೂ ಗೋರಿಯಿಂದ ಎಳೆದೆತ್ತುತ್ತಿದ್ದಾರೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಕಾಲಡಿಯಲ್ಲಿ ಮುರಿದು ಬಿದ್ದ ಬಾಗಿಲುಗಳು, ಅವುಗಳ ಸುತ್ತ ಚೆಲ್ಲಾಪಿಲ್ಲಿಯಾಗಿ ಬಿದ್ದ ಬೀಗಗಳು, ಅಗುಳಿಗಳು, ಕೀಲಿಕೈಗಳು.